ಕೆರೆಯಂಗಳದಲ್ಲಿ ಕಾಲ್ಚೆಂಡಿನ ಜಾತ್ರೆ

ವಿಜಯಪುರದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟವರಿಗೆ ಹೊರ್ತಿ ದಾಟಿದ ಮೇಲೆ ಸಿಗುವ ಊರು ಝಳಕಿ. ಇಂಡಿಯ ಕಡೆಗೆ ಹೋಗುವವರಿಗೂ ಚಡಚಣದ ಕಡೆಗೆ ಹೋಗುವವರಿಗೂ ಇದೇ ಕೂಡುದಾರಿ. ಸುತ್ತ ನಿಂಬೆ, ದ್ರಾಕ್ಷಿ, ದಾಳಿಂಬೆಯ ತೋಟಗಳು. ಅವುಗಳಾಚೆ ಮಳೆಯನ್ನೇ ನಂಬಿದ ಜೋಳದ ಹೊಲಗಳು. ಈ ಸೀಮೆಯಲ್ಲಿ ಆಟವೆಂದರೆ ಕುಸ್ತಿ, ಕಬಡ್ಡಿ, ವಾಲಿಬಾಲ್, ಈಚಿನ ದಿನಗಳಲ್ಲಿ ಕ್ರಿಕೆಟ್. ಜಿಲ್ಲೆಗೆ ಹೆಸರು ತಂದದ್ದು ಸೈಕಲ್. ಕಾಲ್ಚೆಂಡು ಇಲ್ಲಿ ಅಪರೂಪದ ಅತಿಥಿ. ಎರೆ ನೆಲ ಬೇಸಿಗೆಯಲ್ಲಿ ಬಿರಿದು ಕಾಲು ಸಿಕ್ಕಿಸುತ್ತದೆ, ಮಳೆಗಾಲದಲ್ಲಿ ಅಂಗಾಲಿಗೆ ಮೆತ್ತಿಕೊಂಡು ಹೆಜ್ಜೆ ಏಳಗೊಡುವುದಿಲ್ಲ. ಅಂಥ ನೆಲದಲ್ಲಿ ಚೆಂಡು ಒದೆಯುವ ಉಮೇದು ಬರುವುದಾದರೂ ಹೇಗೆ?

ಆದರೂ ಈ ಊರುಗಳ ಹುಡುಗ ಹುಡುಗಿಯರ ಬಾಯಲ್ಲಿ ಒಂದು ಕ್ರೀಡಾಂಗಣದ ಹೆಸರು ಆಗಾಗ ಬರುತ್ತದೆ. ತಾಲ್ಲೂಕು ಮಟ್ಟದಲ್ಲಿ ಓಡಿ ಗೆದ್ದವನು ಜಿಲ್ಲೆಗೆ ಹೋಗುತ್ತಾನೆ, ಜಿಲ್ಲೆಯಲ್ಲಿ ಗೆದ್ದವನು ವಿಭಾಗಕ್ಕೆ. ಅಲ್ಲಿಂದ ಮುಂದೆ ಹೋಗುವ ಪುಣ್ಯವಿದ್ದವರ ಕಣ್ಣ ಮುಂದೆ ಇರುವುದು ಬೆಂಗಳೂರಿನ ಕೆಂಪು ಟ್ರ್ಯಾಕ್. ಝಳಕಿಯಿಂದ ಐದುನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಆ ತಾಣವೇ ಶ್ರೀ ಕಂಠೀರವ ಕ್ರೀಡಾಂಗಣ. ಓಟಕ್ಕೆಂದು ಕಟ್ಟಿದ ಈ ಅಂಗಳ ಕಳೆದ ಒಂದು ದಶಕದಲ್ಲಿ ದೇಶದ ಹೆಸರಾಂತ ಕಾಲ್ಚೆಂಡಿನ ಕಣವಾಗಿಯೂ ಬೆಳೆದದ್ದು ಸ್ವಾರಸ್ಯದ ಕಥೆ. ಆ ಕಥೆಯ ಒಳಗೆ ಒಂದು ಜಗಳವೂ ಇದೆ. ಜಗಳದ ಅಡಿಯಲ್ಲಿ ಒಂದು ಕೆರೆಯೂ ಇದೆ.

ನೀರಿದ್ದ ಜಾಗ

ಕಸ್ತೂರಬಾ ರಸ್ತೆಯ ಕಡೆಯಿಂದ ಬರುವವರಿಗೆ ಕ್ರೀಡಾಂಗಣ ಒಮ್ಮೆಲೇ ಕಾಣುವುದಿಲ್ಲ. ಮೊದಲು ಎತ್ತರದ ದೀಪಸ್ತಂಭಗಳು, ಆಮೇಲೆ ಮರಗಳ ಸಂದಿಯಿಂದ ಕಾಂಕ್ರೀಟಿನ ಗ್ಯಾಲರಿ. ಒಂದು ಕಡೆ ಕಬ್ಬನ್ ಪಾರ್ಕು, ಇನ್ನೊಂದು ಕಡೆ ಸಂಪಂಗಿರಾಮನಗರ. ಬಡಾವಣೆಯ ಹೆಸರಿನಲ್ಲಿಯೇ ಹಳೆಯ ಗುರುತು ಉಳಿದುಕೊಂಡಿದೆ. ಇಲ್ಲಿ ಒಂದು ಕಾಲಕ್ಕೆ ಸಂಪಂಗಿ ಕೆರೆ ಇತ್ತು.

ಬೆಂಗಳೂರಿಗೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಆದ್ದರಿಂದ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆ ತುಂಬಿ ಇನ್ನೊಂದಕ್ಕೆ ಕೋಡಿ ಹರಿಯುವಂತೆ ಹಿಂದಿನವರು ವ್ಯವಸ್ಥೆ ಮಾಡಿದ್ದರು. ಸಂಪಂಗಿ ಕೆರೆಯ ನೀರು ಊರಿಗೂ ದಂಡು ಪ್ರದೇಶಕ್ಕೂ ಆಸರೆಯಾಗಿತ್ತು. ಕೆರೆಯ ಅಂಚಿನಲ್ಲಿ ತಿಗಳ ಸಮುದಾಯದವರು ತರಕಾರಿ ಬೆಳೆಯುತ್ತಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬರತೊಡಗಿದ ಮೇಲೆ ಊರಿಗೆ ಕೆರೆಯ ಹಂಗು ಕಡಿಮೆಯಾಯಿತು. ಹಂಗು ಹೋದ ಮೇಲೆ ಆದರ ಉಳಿಯುವುದು ಕಷ್ಟ. ಒಣಗಿದ ಅಂಗಳ ಬ್ರಿಟಿಷ್ ಅಧಿಕಾರಿಗಳ ಪೋಲೋ ಆಟಕ್ಕೆ ಒದಗಿತು. ತೋಟದವರಿಗೆ ಕೆರೆಯಲ್ಲಿ ನೀರು ನಿಲ್ಲಬೇಕಿತ್ತು, ಕುದುರೆ ಏರಿದವರಿಗೆ ನೆಲ ಒಣಗಿರಬೇಕಿತ್ತು. ಹೀಗೆ ಈ ಜಾಗಕ್ಕಾಗಿ ಮೊದಲ ಎಳೆದಾಟ ನಡೆದದ್ದು ನೂರು ವರ್ಷಗಳಿಗೂ ಹಿಂದೆ. ಗೆದ್ದದ್ದು ಒಣ ನೆಲ. ಇಪ್ಪತ್ತನೆಯ ಶತಮಾನ ನಡುಭಾಗ ದಾಟುವಷ್ಟರಲ್ಲಿ ಕೆರೆ ಮೈದಾನವಾಗಿತ್ತು.

ಪೂರ್ತಿ ಅಳಿಯಿತೆನ್ನುವಂತಿಲ್ಲ. ಕ್ರೀಡಾಂಗಣದ ಮಗ್ಗುಲಲ್ಲೇ ಸಣ್ಣದೊಂದು ಕಲ್ಯಾಣಿಯಷ್ಟು ನೀರು ಇಂದಿಗೂ ಉಳಿದಿದೆ. ಚೈತ್ರ ಮಾಸದ ಕರಗ ಉತ್ಸವದ ಹೊತ್ತಿನಲ್ಲಿ ಹಸಿ ಕರಗದ ವಿಧಿಗಳು ನಡೆಯುವುದು ಇದೇ ಸಂಪಂಗಿ ಕೆರೆಯ ಮೂಲೆಯಲ್ಲಿ. ಧರ್ಮರಾಯಸ್ವಾಮಿ ದೇವಾಲಯದ ಭಕ್ತರಿಗೆ ಈ ಜಾಗ ಕ್ರೀಡಾಂಗಣವಲ್ಲ, ಈಗಲೂ ಕೆರೆಯೇ.

ಈ ಮಾತು ಕಂಠೀರವ ಒಂದಕ್ಕೇ ಸೀಮಿತವಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಶೋಕನಗರದ ಕ್ರೀಡಾಂಗಣ ನಿಂತಿರುವುದು ಶೂಲೆ ಕೆರೆಯ ಅಂಗಳದಲ್ಲಿ. ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯ ಅಂಗಳದಲ್ಲಿ. ಚಲ್ಲಘಟ್ಟ ಕೆರೆಯ ಮೇಲೆ ಗಾಲ್ಫ್ ಮೈದಾನ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವೂ ಧರ್ಮಾಂಬುಧಿ ಕೆರೆಯಲ್ಲಿ ತಳವೂರಿದ್ದು. ಮಳೆಗಾಗಿ ಆಕಾಶ ನೋಡುವ ಇಂಡಿ ಸೀಮೆಯವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಒಂದು ಕೆರೆ ತುಂಬಿಸಿ ಕೊಡಿ ಎಂದು ಇಲ್ಲಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯಬೇಕು. ಅಲ್ಲಿ ತುಂಬಿದ ಕೆರೆಗಳನ್ನೇ ಸಮತಟ್ಟು ಮಾಡಿದರು. ಸಮತಟ್ಟಾದ ದೊಡ್ಡ ನೆಲ ನಗರದ ನಡುವೆ ಬೇರೆಲ್ಲಿಯೂ ಸಿಗದ ಕಾರಣ ಆಟಕ್ಕೂ ಅದೇ ಬೇಕಾಯಿತು ಎಂಬುದೂ ನಿಜ.

ಕೂಟಕ್ಕಾಗಿ ಕಟ್ಟಿದ ಮನೆ

ಇಂದು ಕಾಣುವ ಕಟ್ಟಡ ಎದ್ದು ನಿಂತದ್ದು 1997ರಲ್ಲಿ ಬೆಂಗಳೂರಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ. ಹಳೆಯ ಮೈದಾನದ ಜಾಗದಲ್ಲಿ ಸಿಂಥೆಟಿಕ್ ಟ್ರ್ಯಾಕ್, ನಡುವೆ ಹುಲ್ಲುಹಾಸು, ಸುತ್ತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಲ್ಲ ಗ್ಯಾಲರಿ, ಹೊನಲು ಬೆಳಕಿನ ಸೌಕರ್ಯ. ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯ ಆಸ್ತಿ. ಆವರಣದಲ್ಲಿಯೇ ಇರುವ ಒಳಾಂಗಣ ಕ್ರೀಡಾಂಗಣ ಕಬಡ್ಡಿ ಪ್ರಿಯರಿಗೆ ಚಿರಪರಿಚಿತ. ಪ್ರೊ ಕಬಡ್ಡಿಯ ಬೆಂಗಳೂರು ಬುಲ್ಸ್ ತಂಡ ತನ್ನ ತವರಿನ ಪಂದ್ಯಗಳನ್ನು ಇಲ್ಲಿ ಆಡಿದೆ.

ಕಂಠೀರವ ಎಂದೊಡನೆ ಹಲವರಿಗೆ ನೆನಪಾಗುವುದು ಆಟವಲ್ಲ, ಅಗಲಿಕೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್, 2018ರ ನವೆಂಬರ್‌ನಲ್ಲಿ ಅಂಬರೀಷ್, 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಜನಸಾಗರ ಹರಿದು ಬಂದದ್ದು ಇಲ್ಲಿಗೇ. ರಾಜ್‌ಕುಮಾರ್ ಅವರ ಸಮಾಧಿ ಇರುವುದು ಕಂಠೀರವ ಸ್ಟುಡಿಯೋದಲ್ಲಿ. ಅದು ನಗರದ ಇನ್ನೊಂದು ದಿಕ್ಕಿನಲ್ಲಿದೆ. ದೂರದ ಊರಿನವರು ಎರಡನ್ನೂ ಒಂದೇ ಎಂದುಕೊಂಡು ಆಟೋ ಹತ್ತುವುದುಂಟು. 2013ರ ಮೇ ತಿಂಗಳಲ್ಲಿ ಮತ್ತು 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೂ ಈ ಕ್ರೀಡಾಂಗಣದಲ್ಲಿಯೇ. ಒಂದು ಊರಿನ ನಡುವೆ ಅಗಸೆಕಟ್ಟೆ ಹೇಗೋ ಹಾಗೆ ರಾಜಧಾನಿಗೆ ಈ ಅಂಗಳ.

ಬರಿಗಾಲಿನ ಪರಂಪರೆ

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ದಂಡು ಪ್ರದೇಶದ ಸೈನಿಕರಿಂದ ಕಲಿತ ಆಟವನ್ನು ಆಸ್ಟಿನ್ ಟೌನ್, ಹಲಸೂರು, ಗೌತಮಪುರದ ಹುಡುಗರು ತಮ್ಮದಾಗಿಸಿಕೊಂಡರು. ಗೌತಮಪುರದಲ್ಲಿ ಬ್ರೆಜಿಲ್ಲಿನ ಪೆಲೆಯ ಪ್ರತಿಮೆಯೇ ಇದೆ. ಮುಂಬೈಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಗೆದ್ದಾಗ ದೇಶವೇ ಬೆರಗಾಗಿತ್ತು. ಅಲ್ಲಿಯವರೆಗೆ ಆ ಕಪ್ಪಿನ ಮೇಲೆ ಸೇನಾ ತಂಡಗಳದೇ ಹಿಡಿತ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಕಣ್ಮಣಿಯಾದರು, 1951ರ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕವನ್ನೂ ಧರಿಸಿದರು. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಲ್ಲಿ ಕೆಂಪಯ್ಯ ಆಡಿದರು. 1962ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ಮೈಸೂರು ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ.

ಆಮೇಲೆ ದೀರ್ಘ ಮೌನ. ಎಚ್‌ಎಎಲ್, ಐಟಿಐ, ಎಂಇಜಿಯಂಥ ಸಂಸ್ಥೆಗಳ ತಂಡಗಳು ದೀಪ ಆರದಂತೆ ನೋಡಿಕೊಂಡವು. ನೌಕರಿ ಸಿಗುತ್ತದೆಂಬ ಆಸೆಯಿಂದ ಹುಡುಗರು ಆಡಿದರು. ಸಾರ್ವಜನಿಕ ಉದ್ದಿಮೆಗಳಲ್ಲಿ ಕ್ರೀಡಾ ನೇಮಕಾತಿ ಕಡಿಮೆಯಾದಂತೆ ಆ ಆಸೆಯೂ ಸೊರಗಿತು. ಕ್ರಿಕೆಟ್ ಎಲ್ಲವನ್ನೂ ನುಂಗಿತು.

ನೀಲಿ ಅಂಗಿಯವರು ಬಂದರು

2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ಹೊಸ ತಂಡ ಹುಟ್ಟಿತು. ಆ ವರ್ಷದ ಸೆಪ್ಟೆಂಬರ್ 22ರಂದು ಅಶೋಕನಗರದ ಕ್ರೀಡಾಂಗಣದಲ್ಲಿ ನೂರು ವರ್ಷ ಮೀರಿದ ಮೋಹನ್ ಬಾಗಾನ್ ವಿರುದ್ಧ ಮೊದಲ ಐ-ಲೀಗ್ ಪಂದ್ಯ, 1-1ರ ಸಮಬಲ. ಮೊದಲ ಋತುವಿನಲ್ಲಿಯೇ ತಂಡ ಐ-ಲೀಗ್ ಗೆದ್ದಿತು. 2014ರಲ್ಲಿ ತಂಡ ಕಂಠೀರವಕ್ಕೆ ಮನೆ ಬದಲಿಸಿತು. ಅಶೋಕನಗರದ ಕೃತಕ ಹುಲ್ಲಿನಿಂದ ಕಂಠೀರವದ ಸಹಜ ಹುಲ್ಲಿಗೆ, ಸಣ್ಣ ಗ್ಯಾಲರಿಯಿಂದ ದೊಡ್ಡ ಗ್ಯಾಲರಿಗೆ.

ಇಲ್ಲಿ ಸುಖ ದುಃಖ ಎರಡೂ ಸಮನಾಗಿ ಬಂದವು. 2015ರ ಮೇ 31ರಂದು ಲೀಗಿನ ಕೊನೆಯ ಪಂದ್ಯ. ಎದುರಾಳಿ ಅದೇ ಮೋಹನ್ ಬಾಗಾನ್. ಗೆದ್ದರೆ ಬೆಂಗಳೂರಿಗೆ ಕಿರೀಟ, ಡ್ರಾ ಆದರೂ ಸಾಕು ಬಾಗಾನಿಗೆ ಪಟ್ಟ. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಆಟ ಮುಗಿಯಲು ಮೂರು ನಿಮಿಷ ಇರುವಾಗ ಬೆಲ್ಲೊ ರಜಾಕ್ ತಲೆಯಿಂದ ತಾಗಿಸಿದ ಚೆಂಡು ಬಲೆ ಸೇರಿತು. ಕಪ್ಪು ಕೋಲ್ಕತ್ತಕ್ಕೆ ಹೋಯಿತು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ಅಂಗಳದಲ್ಲಿ ಸಾಲ್ಗಾಂವ್ಕರ್ ತಂಡವನ್ನು ಮಣಿಸಿ ಬೆಂಗಳೂರು ಕಿರೀಟ ಮರಳಿ ಪಡೆಯಿತು.

ಈ ಕ್ರೀಡಾಂಗಣದ ಕಾಲ್ಚೆಂಡಿನ ಚರಿತ್ರೆಯಲ್ಲಿ ಒಂದೇ ರಾತ್ರಿಯನ್ನು ಆರಿಸು ಎಂದರೆ ಹಳಬರು ತೋರಿಸುವುದು 2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಸುತ್ತು. ಎದುರಿಗೆ ಹಿಂದಿನ ವರ್ಷದ ವಿಜೇತ, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅಲ್ಲಿ ನಡೆದ ಮೊದಲ ಸುತ್ತು 1-1. ಇಲ್ಲಿ ಹನ್ನೊಂದನೆಯ ನಿಮಿಷಕ್ಕೇ ಅತಿಥಿಗಳ ಗೋಲು. ವಿರಾಮಕ್ಕೆ ಸ್ವಲ್ಪ ಮೊದಲು ಸುನಿಲ್ ಛೆಟ್ರಿ ಸಮ ಮಾಡಿದರು, ವಿರಾಮದ ನಂತರ ದೂರದಿಂದ ಹೊಡೆದ ಚೆಂಡಿನಿಂದ ಮುನ್ನಡೆ ತಂದರು. ಮೂರನೆಯದನ್ನು ಹುವಾನನ್ ತಲೆಯಿಂದ ಸೇರಿಸಿದರು. 3-1. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದು ಗೋಲಿನಿಂದ ಸೋತರೂ ದಾರಿ ತೆರೆದಿತ್ತು.

2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ಇಲ್ಲಿಯೇ ನಡೆಯಿತು. ತವರಿನವರ ಮುಂದೆ ಆಡಿದ ಬೆಂಗಳೂರು ಚೆನ್ನೈಯಿನ್ ತಂಡಕ್ಕೆ 2-3ರಿಂದ ತಲೆಬಾಗಿತು. 2023ರ ಮಾರ್ಚ್ 3ರ ಪ್ಲೇಆಫ್ ಪಂದ್ಯದಲ್ಲಿ ಕೇರಳದ ಆಟಗಾರರು ಗೋಡೆ ಕಟ್ಟಿ ಮುಗಿಸುವ ಮುನ್ನವೇ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಸಿಟ್ಟಿಗೆದ್ದ ಕೇರಳ ತಂಡ ಮೈದಾನ ಬಿಟ್ಟು ಹೊರನಡೆಯಿತು. ಆ ಗೋಲು ಸರಿಯೋ ತಪ್ಪೋ ಎಂಬ ವಾದ ಚಹಾದಂಗಡಿಗಳಲ್ಲಿ ಬಹಳ ದಿನ ನಡೆಯಿತು. ಫಲಿತಾಂಶ ಮಾತ್ರ ಬೆಂಗಳೂರಿನ ಪರವಾಗಿಯೇ ಉಳಿಯಿತು.

ರಾಷ್ಟ್ರೀಯ ತಂಡಕ್ಕೂ ಈ ನೆಲ ಒಗ್ಗಿದೆ. 2017ರ ಅಕ್ಟೋಬರ್ 11ರಂದು ಮಕಾವು ತಂಡವನ್ನು 4-1ರಿಂದ ಸೋಲಿಸಿ ಭಾರತ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದದ್ದು ಇಲ್ಲಿ. 2023ರ ಜೂನ್ 21ರಿಂದ ಜುಲೈ 4ರವರೆಗೆ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಇಲ್ಲಿ ನಡೆಯಿತು. ವೀಸಾ ತಡವಾಗಿ ಪಂದ್ಯದ ದಿನವೇ ಬೆಂಗಳೂರು ತಲುಪಿದ ಪಾಕಿಸ್ತಾನದ ತಂಡ ಮಳೆಯಲ್ಲಿ 0-4ರಿಂದ ಸೋತಿತು. ಛೆಟ್ರಿಯದೇ ಮೂರು ಗೋಲು. ಸೆಮಿಫೈನಲ್‌ನಲ್ಲಿ ಲೆಬನಾನ್, ಫೈನಲ್‌ನಲ್ಲಿ ಕುವೈತ್ ಎರಡನ್ನೂ ಪೆನಾಲ್ಟಿ ಒದೆತಗಳಲ್ಲಿ ಹಿಂದಿಕ್ಕಿ ಭಾರತ ಒಂಬತ್ತನೆಯ ಬಾರಿ ಕಪ್ ಎತ್ತಿತು. ಕೊನೆಯ ಒದೆತವನ್ನು ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದಾಗ ಎದ್ದ ಕೂಗು ಕಬ್ಬನ್ ಪಾರ್ಕಿನ ಮರಗಳಲ್ಲಿ ಮಲಗಿದ್ದ ಹಕ್ಕಿಗಳನ್ನು ಎಬ್ಬಿಸಿರಬೇಕು.

ಅದೇ 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ಮೌನ ಮುರಿದಿತ್ತು.

ಗ್ಯಾಲರಿಯ ಲೆಕ್ಕ

ಪಂದ್ಯದ ಸಂಜೆ ಪಶ್ಚಿಮದ ಗ್ಯಾಲರಿ ಬೇರೆಯೇ ಲೋಕ. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಕರೆದುಕೊಳ್ಳುವ ಅಭಿಮಾನಿಗಳು ತೊಂಬತ್ತು ನಿಮಿಷವೂ ಕೂರುವುದಿಲ್ಲ. ತಮಟೆ, ಹಾಡು, ನೀಲಿ ಬಾವುಟ. ಐಟಿ ಕಂಪನಿಯ ನೌಕರ, ಆಸ್ಟಿನ್ ಟೌನಿನ ಮುದುಕ, ಮಣಿಪುರದಿಂದ ಓದಲು ಬಂದ ಹುಡುಗ, ಎಲ್ಲರದೂ ಒಂದೇ ಕೂಗು.

ಆದರೆ ಕಾಲ್ಚೆಂಡು ಬಲ್ಲವರು ಈ ಕ್ರೀಡಾಂಗಣದ ಬಗ್ಗೆ ಒಂದು ಕೊರಗು ತೋಡಿಕೊಳ್ಳುತ್ತಾರೆ: ಆಟ ದೂರದಲ್ಲಿ ಕಾಣುತ್ತದೆ. ಇದು ಬರೀ ಗೊಣಗಾಟವಲ್ಲ, ರೇಖಾಗಣಿತದ ಮಾತು. ಪ್ರಮಾಣಿತ 400 ಮೀಟರ್ ಟ್ರ್ಯಾಕಿನಲ್ಲಿ ಎರಡು ನೇರ ಭಾಗಗಳು ತಲಾ 84.39 ಮೀಟರ್. ಎರಡು ತುದಿಗಳಲ್ಲಿ ಅರ್ಧವೃತ್ತ. ಒಳ ಅಂಚಿನ ತ್ರಿಜ್ಯ 36.5 ಮೀಟರ್. ಓಟಗಾರ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಓಡುತ್ತಾನೆಂದು ಹಿಡಿದು ಲೆಕ್ಕ ಹಾಕಿದರೆ ಒಟ್ಟು 400 ಮೀಟರ್ ಆಗುತ್ತದೆ. ಹಾಗಾದರೆ ಒಳಗಿನ ಹುಲ್ಲಿನ ಅಗಲ 73 ಮೀಟರ್. ಅಂತರರಾಷ್ಟ್ರೀಯ ಕಾಲ್ಚೆಂಡಿನ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಗಲದಲ್ಲಿ ಎರಡೂ ಬದಿಗೆ ಎರಡೂವರೆ ಮೀಟರ್ ಉಳಿಯಿತು. ಉದ್ದದಲ್ಲಿ ಅಂಗಳ ಎರಡೂ ಕಡೆ ಹತ್ತು ಮೀಟರಿನಷ್ಟು ಅರ್ಧವೃತ್ತದೊಳಗೆ ಚಾಚುತ್ತದೆ. ಆಗ ಮೂಲೆಯ ಬಾವುಟಕ್ಕೂ ಟ್ರ್ಯಾಕಿನ ಅಂಚಿಗೂ ನಡುವೆ ಉಳಿಯುವುದು ಸುಮಾರು ಒಂದೇ ಮೀಟರ್! ಕಾರ್ನರ್ ಕಿಕ್ ಒದೆಯುವವನು ಎರಡು ಹೆಜ್ಜೆ ಹಿಂದೆ ಸರಿದರೆ ಓಟದ ಹಾದಿ ಮೆಟ್ಟುತ್ತಾನೆ.

ಎಂಟು ಓಟದ ಹಾದಿಗಳು, ಒಂದೊಂದು 1.22 ಮೀಟರ್ ಅಗಲ. ಒಟ್ಟು ಹತ್ತು ಮೀಟರಿಗೆ ಸ್ವಲ್ಪ ಕಡಿಮೆ. ಗೋಲಿನ ಹಿಂದೆ ಅರ್ಧವೃತ್ತದ ಉಳಿದ ಭಾಗ 26 ಮೀಟರ್. ಎರಡನ್ನೂ ಕೂಡಿದರೆ ಗೋಲಿನ ಹಿಂದೆ ಕೂತ ಪ್ರೇಕ್ಷಕ ಬಲೆಯಿಂದ ಕಡಿಮೆಯೆಂದರೂ 36 ಮೀಟರ್ ದೂರ. ಯುರೋಪಿನ ಶುದ್ಧ ಕಾಲ್ಚೆಂಡಿನ ಮೈದಾನಗಳಲ್ಲಿ ಇದು ಹತ್ತು ಮೀಟರೂ ಇರದು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ತುದಿಯ ಗ್ಯಾಲರಿಯ ಹಾಡು ಇನ್ನೊಂದು ತುದಿಗೆ ಮುಟ್ಟಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಆದ್ದರಿಂದಲೇ ಎರಡು ತುದಿಗಳವರು ಎಷ್ಟೇ ಪ್ರಯತ್ನಿಸಿದರೂ ಚಪ್ಪಾಳೆ ಒಂದಕ್ಕೊಂದು ಕೂಡಿ ಬೀಳುವುದಿಲ್ಲ.

ಲಾಭವೂ ಒಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ದೂರದಿಂದ ಒದ್ದ ಚೆಂಡು ತುಸು ಹೆಚ್ಚೇ ವೇಗ ಉಳಿಸಿಕೊಳ್ಳುತ್ತದೆ, ತಿರುವು ತುಸು ಕಡಿಮೆಯಾಗುತ್ತದೆ. ಕೋಲ್ಕತ್ತ, ಕೊಚ್ಚಿಯ ಸೆಕೆಯಲ್ಲಿ ಬೆವರಿ ಬಂದವರಿಗೆ ಇಲ್ಲಿನ ಸಂಜೆಯ ತಂಪು ವರ; ಮೊದಲ ಹತ್ತು ನಿಮಿಷ ಚೆಂಡಿನ ಅಂದಾಜು ಸಿಗದಿರುವುದು ಶಾಪ.

ಹುಲ್ಲು ಯಾರದು?

ಈಗ ಜಗಳದ ವಿಷಯ. ಟ್ರ್ಯಾಕಿನ ನಡುವಿನ ಹುಲ್ಲು ಕಾಲ್ಚೆಂಡಿನವರಿಗಷ್ಟೇ ಬೇಕಾದದ್ದಲ್ಲ. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬೀಳುವುದೂ ಅದೇ ಹುಲ್ಲಿನ ಮೇಲೆ. ಏಳು ಕಿಲೋ ಮೀರಿದ ಹ್ಯಾಮರ್ ಬಿದ್ದಲ್ಲಿ ಗುಂಡಿ. ಆ ಗುಂಡಿಯಲ್ಲಿ ಚೆಂಡಾಟಗಾರನ ಕಾಲು ಸಿಕ್ಕರೆ ಮೊಣಕಾಲು ಹೋಯಿತು. ಅತ್ತ ಚೆಂಡಾಟದ ಪಂದ್ಯವಿದೆಯೆಂದರೆ ಜಾಹೀರಾತು ಫಲಕ, ಕ್ಯಾಮೆರಾ, ತಂತಿ ಎಲ್ಲ ಓಟದ ಹಾದಿಯ ಮೇಲೆ. ಪಂದ್ಯದ ದಿನ, ಅದರ ಹಿಂದಿನ ದಿನ ಓಟಗಾರರಿಗೆ ಬಾಗಿಲು ಮುಚ್ಚಿರುತ್ತದೆ.

ಓಟಗಾರನ ಅಭ್ಯಾಸ ಹಬ್ಬಕ್ಕೊಮ್ಮೆ ಮಾಡುವ ಪೂಜೆಯಲ್ಲ. ಬೆಳಿಗ್ಗೆ ಸಂಜೆ, ವಾರಕ್ಕೆ ಆರು ದಿನ ನಡೆದರೇ ಅದು ಅಭ್ಯಾಸ. ನಾಲ್ಕು ದಿನ ತಪ್ಪಿದರೆ ಕಾಲಿನ ಲಯ ತಪ್ಪುತ್ತದೆ. ಸರ್ಕಾರದ ಹಣದಿಂದ ಅಥ್ಲೆಟಿಕ್ಸ್‌ಗಾಗಿ ಕಟ್ಟಿದ ಕ್ರೀಡಾಂಗಣವನ್ನು ಖಾಸಗಿ ತಂಡಕ್ಕೆ ಕೊಟ್ಟದ್ದೇಕೆ ಎಂದು ಕ್ರೀಡಾಪಟುಗಳು, ತರಬೇತಿದಾರರು ಪ್ರಶ್ನಿಸಿದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಕಾಲ್ಚೆಂಡಿನವರ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಬಾಡಿಗೆ ಕೊಡುತ್ತೇವೆ, ಹುಲ್ಲು ನೋಡಿಕೊಳ್ಳುತ್ತೇವೆ, ಇಪ್ಪತ್ತು ಸಾವಿರ ಜನ ಬರುವ ಇನ್ನೊಂದು ಅಂಗಳ ರಾಜಧಾನಿಯಲ್ಲಿ ಎಲ್ಲಿದೆ ತೋರಿಸಿ ಎಂದು ಅವರ ಸವಾಲು.

ಎರಡು ಕಡೆಯವರೂ ಸರಿ ಎಂಬುದೇ ಇಲ್ಲಿನ ಕಷ್ಟ. ಕೋಟಿ ದಾಟಿದ ಜನಸಂಖ್ಯೆಯ ನಗರದಲ್ಲಿ ಕ್ರಿಕೆಟ್ಟಿಗೆ ಅದರದೇ ದೊಡ್ಡ ಮನೆಯಿದೆ, ಹಾಕಿಗೆ ಒಂದು ಮನೆಯಿದೆ. ಉಳಿದ ಎರಡು ಆಟಗಳು ಒಂದೇ ಕೋಣೆಯಲ್ಲಿ ಬೇರೆಯಾದ ಅಣ್ಣತಮ್ಮಂದಿರಂತೆ ಹೊಂದಿಕೊಂಡು ಬಾಳಬೇಕಾಗಿದೆ. ಹೊಂದಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಉಂಟು. 2022ರ ಏಪ್ರಿಲ್‌ನಲ್ಲಿ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಇಲ್ಲಿ ಉದ್ಘಾಟನೆಗೊಂಡಿತು. 2025ರ ಜುಲೈ 5ರಂದು ಒಲಿಂಪಿಕ್ ಚಿನ್ನದ ವೀರ ನೀರಜ್ ಚೋಪ್ರಾ ತಮ್ಮ ಹೆಸರಿನ ಅಂತರರಾಷ್ಟ್ರೀಯ ಜಾವೆಲಿನ್ ಕೂಟವನ್ನು ಇಲ್ಲಿ ನಡೆಸಿ, 86.18 ಮೀಟರ್ ಎಸೆದು ತಾವೇ ಗೆದ್ದರು. ಕೂಟ ಮೊದಲು ನಿಗದಿಯಾಗಿದ್ದ ಪಂಚಕುಲದಲ್ಲಿ ಸಾಕಷ್ಟು ಹೊನಲು ಬೆಳಕು ಇರಲಿಲ್ಲ. ಕಂಠೀರವದ ದೀಪಸ್ತಂಭಗಳು ಆ ಕೊರತೆ ತುಂಬಿದವು. ರಾತ್ರಿಯ ಚೆಂಡಾಟಕ್ಕೆ ಬೇಕಾದ ಬೆಳಕು ಜಾವೆಲಿನ್‌ಗೂ ದಾರಿ ತೋರಿಸಿತು. ಆ ರಾತ್ರಿ ಈಟಿ ನೋಡಲು ಗ್ಯಾಲರಿ ತುಂಬಿತ್ತು.

ಅದಕ್ಕೆ ಒಂದು ತಿಂಗಳ ಹಿಂದೆ, ಜೂನ್ 4ರಂದು, ಸಮೀಪದ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಜೀವ ಕಳೆದುಕೊಂಡಿದ್ದರು. ಗ್ಯಾಲರಿ ಕಟ್ಟಿದರೆ ಸಾಲದು, ಬಾಗಿಲು ಎಷ್ಟು, ದಾರಿ ಎಷ್ಟು ಅಗಲ, ಒಮ್ಮೆಲೇ ಎಷ್ಟು ಜನ ಹೊರಬರಬಲ್ಲರು ಎಂಬ ಲೆಕ್ಕವೂ ಬೇಕು ಎಂಬ ಪಾಠವನ್ನು ಆ ದುರಂತ ಎಲ್ಲ ಕ್ರೀಡಾಂಗಣಗಳಿಗೂ ಬರೆದಿಟ್ಟಿದೆ.

ನೋಡಲು ಹೋಗುವವರಿಗೆ

ಝಳಕಿಯ ಕಡೆಯವರಿಗೆ ರೈಲೇ ಅನುಕೂಲ. ಪಂಢರಪುರ, ಸೊಲ್ಲಾಪುರದ ಕಡೆಯಿಂದ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಇಂಡಿ ರೋಡ್, ವಿಜಯಪುರ, ಗದಗ, ಹುಬ್ಬಳ್ಳಿಗಳ ಮೇಲೆ ಹಾದು ಬೆಂಗಳೂರು ಮುಟ್ಟಿಸುತ್ತದೆ. ಬಸ್ಸಿನಲ್ಲಿ ಹೋಗುವವರು ವಿಜಯಪುರದಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು, ಕಸ್ತೂರಬಾ ರಸ್ತೆಯಲ್ಲಿ ನೆರಳು ಹಿಡಿದು ನಡೆಯಬಹುದು. ದಾರಿಯಲ್ಲಿಯೇ ವಿಶ್ವೇಶ್ವರಯ್ಯ ಕೈಗಾರಿಕಾ ವಸ್ತುಸಂಗ್ರಹಾಲಯ, ಸರ್ಕಾರಿ ವಸ್ತುಸಂಗ್ರಹಾಲಯ. ಮಕ್ಕಳನ್ನು ಕರೆದೊಯ್ದವರಿಗೆ ಒಂದು ದಿನ ಸಾಲದು. ಪಂದ್ಯವಿದ್ದರೆ ಸಂಜೆ ಬೇಗನೆ ಒಳಗೆ ಹೋಗುವುದು ಒಳ್ಳೆಯದು. ಗೋಲಿನ ಹಿಂದಿಗಿಂತ ಉದ್ದನೆಯ ಬದಿಯಲ್ಲಿ, ಮೇಲಿನ ಮೆಟ್ಟಿಲುಗಳಲ್ಲಿ ಕೂತರೆ ಆಟ ಚೆನ್ನಾಗಿ ಕಾಣುತ್ತದೆ. ಕಾರಣ ಮೇಲಿನ ಲೆಕ್ಕದಲ್ಲಿದೆ. ಹೊರಬಂದ ಮೇಲೆ ಸಂಪಂಗಿ ಕೆರೆಯ ಉಳಿದ ಆ ತುಣುಕು ನೀರನ್ನೂ ನೋಡುವುದನ್ನು ಮರೆಯಬಾರದು.

ಕಂಠೀರವದ ಇಕ್ಕಟ್ಟು ಬೆಂಗಳೂರಿನ ಇಕ್ಕಟ್ಟಷ್ಟೇ ಅಲ್ಲ. ಇಡೀ ರಾಜ್ಯ ಒಂದೇ ಅಂಗಳದ ಕಡೆ ನೋಡುತ್ತ ನಿಂತದ್ದರಿಂದ ಅದು ಇಕ್ಕಟ್ಟಾಗಿದೆ. ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ವಿಜಯಪುರ ಜಿಲ್ಲೆ ಒಂದು ವೆಲೊಡ್ರೋಮ್‌ಗಾಗಿ ಎಷ್ಟು ವರ್ಷ ಕಾಯಬೇಕಾಯಿತು ಎಂಬುದು ಇಲ್ಲಿನವರಿಗೆಲ್ಲ ಗೊತ್ತು. ಅಷ್ಟೂ ದಿನ ಹುಡುಗರು ಲಾರಿಗಳ ನಡುವೆ ಹೆದ್ದಾರಿಯಲ್ಲಿಯೇ ಪೆಡಲು ತುಳಿದರು. ಪ್ರತಿ ತಾಲ್ಲೂಕಿನಲ್ಲಿಯೂ ಇಪ್ಪತ್ತು ಸಾವಿರ ಆಸನದ ಗ್ಯಾಲರಿ ಬೇಕಿಲ್ಲ. ಎರೆ ಮಣ್ಣು ತೆಗೆದು ಮೊರಮು ಹಾಕಿ ಮಟ್ಟ ಮಾಡಿದ, ನೀರು ನಿಲ್ಲದ, 400 ಮೀಟರ್ ಸುತ್ತಳತೆಯ ಒಂದು ಬಯಲು ಸಾಕು. ನಡುವೆ ಎರಡು ಗೋಲು ಕಂಬ. ಅದಕ್ಕಾಗಿ ಯಾವ ಕೆರೆಯನ್ನೂ ಮುಚ್ಚಬೇಕಾಗಿಲ್ಲ. ಈ ಸೀಮೆಯಲ್ಲಿ ಬಯಲಿಗೆ ಬರವಿಲ್ಲ, ಬರವಿರುವುದು ನೀರಿಗೆ. ಆಗ ಐದುನೂರು ಕಿಲೋಮೀಟರ್ ದಾಟಿ ಕೆಂಪು ಟ್ರ್ಯಾಕಿನ ಮೇಲೆ ಕಾಲಿಡುವ ಹುಡುಗಿಗೆ ಅದು ಜೀವನದ ಮೊದಲ ಸರಿಯಾದ ಮೈದಾನ ಆಗಿರುವುದಿಲ್ಲ. ಕಂಠೀರವದ ಹುಲ್ಲಿಗೂ ಆಗ ಕೊಂಚ ಉಸಿರಾಡಲು ಬಿಡುವು ಸಿಗುತ್ತದೆ.